ಗಡಕ್ಕೆ ಒಂದೇ ಬಾಗಿಲು ಸಾಲದು

ರಾಯಗಡಕ್ಕೆ ಹೋದವರಿಗೆಲ್ಲ ಅಲ್ಲಿನ ಜನ ಹೀರಕಣಿಯ ಕಥೆ ಹೇಳುತ್ತಾರೆ. ಬೆಟ್ಟದ ಬುಡದ ಹಳ್ಳಿಯವಳು ಈಕೆ. ದಿನವೂ ಹಾಲಿನ ಗಡಿಗೆ ಹೊತ್ತು ಗಡ ಹತ್ತಿ, ಮಾರಿ, ಸಂಜೆಯೊಳಗೆ ಇಳಿದುಬಿಡುತ್ತಿದ್ದಳು. ಒಂದು ದಿನ ಹೊತ್ತಾಯಿತು. ಮಹಾದ್ವಾರದ ಬಳಿ ಬರುವಷ್ಟರಲ್ಲಿ ಸೂರ್ಯ ಮುಳುಗಿ ಬಾಗಿಲಿಗೆ ಬೀಗ ಬಿದ್ದಿತ್ತು. ಮನೆಯಲ್ಲಿ ಮೊಲೆಹಾಲು ಕುಡಿಯುವ ಕೂಸು. ಕಾವಲಿನವರನ್ನು ಬೇಡಿಕೊಂಡಳು, ಅತ್ತಳು. ಅವರಿಗೂ ಕನಿಕರ ಬಂದಿರಬೇಕು, ಆದರೆ ಬಾಗಿಲು ತೆರೆಯಲಿಲ್ಲ. ಹೊತ್ತು ಮುಳುಗಿದ ಮೇಲೆ ಮುಚ್ಚಿದ ಬಾಗಿಲನ್ನು ಬೆಳಕು ಹರಿಯುವ ತನಕ ಯಾರಿಗೂ ತೆರೆಯಕೂಡದೆಂಬುದು ಕಟ್ಟಪ್ಪಣೆ. ಆಕೆ ಕತ್ತಲಲ್ಲೇ ಕಡಿದಾದ ಬಂಡೆಯ ಕಡೆಗೆ ನಡೆದು, ಮನುಷ್ಯರು ಇಳಿಯಲಾರರೆಂದು ಎಲ್ಲರೂ ನಂಬಿದ್ದ ಜಾಗದಲ್ಲಿ ಕೈಕಾಲು ತರಚಿಕೊಂಡು ಇಳಿದು ಮಗುವನ್ನು ಸೇರಿದಳು. ವಿಷಯ ತಿಳಿದ ಶಿವಾಜಿ ಆಕೆಯನ್ನು ಕರೆಸಿ, ಸೀರೆ-ಕುಪ್ಪಸ ಕೊಟ್ಟು ಮನ್ನಿಸಿದ. ಆಮೇಲೆ ಆಕೆ ಇಳಿದ ಜಾಗದಲ್ಲೇ ಒಂದು ಬುರುಜು ಕಟ್ಟಿಸಿದ.

ಇದು ಜನರ ಬಾಯಲ್ಲಿ ಬೆಳೆದ ಕಥೆ. ದಾಖಲೆ ಕೇಳಿದರೆ ಸಿಗುವುದಿಲ್ಲ. ಹೀರಕಣಿ ಬುರುಜು ಮಾತ್ರ ಇಂದಿಗೂ ಅಲ್ಲಿದೆ. ತಾಯಿಯ ಪ್ರೀತಿಯನ್ನು ಕೊಂಡಾಡಲು ಈ ಕಥೆಯನ್ನು ಹೇಳುವುದು ವಾಡಿಕೆ. ಅದರ ಕೊನೆಯ ಸಾಲಿನತ್ತ ಗಮನ ಹೋಗುವುದು ಕಡಿಮೆ. ಒಬ್ಬ ಹೆಂಗಸು ಇಳಿಯಬಲ್ಲ ಜಾಗದಲ್ಲಿ ಒಬ್ಬ ಶತ್ರು ಹತ್ತಲೂಬಲ್ಲ. ಸೀರೆ ಕೊಟ್ಟ ಕೈಯೇ ಆ ಜಾಗವನ್ನು ಮುಚ್ಚಿಸಿತು. ಮರಾಠರ ಗಿರಿದುರ್ಗಗಳನ್ನು ಕಟ್ಟಿದವರ ಬುದ್ಧಿ ಕೆಲಸ ಮಾಡುತ್ತಿದ್ದದ್ದು ಹೀಗೆ: ಇಷ್ಟು ಎತ್ತರದ ಬಂಡೆ ಇದೆಯಲ್ಲ, ಸಾಕು ಎಂದು ಅವರು ಸುಮ್ಮನಾಗುತ್ತಿರಲಿಲ್ಲ. ಬಂಡೆಯನ್ನೇ ಆಗಲಿ, ಬಾಗಿಲನ್ನೇ ಆಗಲಿ, ಬಾವಿಯನ್ನೇ ಆಗಲಿ, ಕೊನೆಗೆ ಕೋಟೆಯ ಅಧಿಕಾರಿಯನ್ನೇ ಆಗಲಿ, ಯಾವುದೊಂದನ್ನೂ ಒಂಟಿಯಾಗಿ ನಂಬುತ್ತಿರಲಿಲ್ಲ.

ಶಾಲೆಯ ಇತಿಹಾಸ ಪುಸ್ತಕದಲ್ಲಿ ಯುದ್ಧಗಳ ಇಸವಿಗಳಿರುತ್ತವೆ, ಒಪ್ಪಂದಗಳಿರುತ್ತವೆ. ಕೋಟೆಯೊಳಗಿದ್ದವರು ಕುಡಿದ ನೀರು ಎಲ್ಲಿಂದ ಬಂತು, ಬೀಗದಕೈ ಯಾರ ಸೊಂಟದಲ್ಲಿತ್ತು ಎಂಬುದು ಪರೀಕ್ಷೆಗೆ ಬರುವುದಿಲ್ಲ. ಆದರೆ ಮುತ್ತಿಗೆ ಬಿದ್ದ ಕೋಟೆ ಉಳಿಯುವುದೋ ಹೋಗುವುದೋ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಬಹಳಷ್ಟು ಸಲ ಇಂಥ ಸಂಗತಿಗಳೇ.

ಬೆಟ್ಟ ಕಟ್ಟಿದ ಗೋಡೆ

ಸಹ್ಯಾದ್ರಿಯ ಈ ಭಾಗವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾರಸದಿಂದಾದದ್ದು. ಒಂದು ಪದರದ ಮೇಲೆ ಇನ್ನೊಂದು ಪದರ ಹರಡಿ ಗಟ್ಟಿಯಾಗಿ ಕಪ್ಪುಕಲ್ಲಾಯಿತು, ಇದೇ ಬಸಾಲ್ಟ್. ಪದರಗಳೆಲ್ಲ ಒಂದೇ ಸಮನಾಗಿ ಗಟ್ಟಿಯಿಲ್ಲ. ಮೆತ್ತನೆಯವು ಮಳೆಗೆ ಸವೆದು ಇಳಿಜಾರಾದವು, ಗಟ್ಟಿಯವು ಗೋಡೆಯಂತೆ ನೆಟ್ಟಗೆ ನಿಂತವು. ತಲೆಯ ಮೇಲೆ ಚಪ್ಪಟೆಯಾದ ಬಯಲು, ಸುತ್ತ ಕಡಿದಾದ ಬಂಡೆ, ಅದರ ಕೆಳಗೊಂದು ಜಗುಲಿ, ಮತ್ತೆ ಬಂಡೆ. ದೂರದಿಂದ ನೋಡಿದರೆ ಯಾರೋ ಮೆಟ್ಟಿಲು ಕಡೆದಿಟ್ಟಂತೆ ಕಾಣುತ್ತದೆ.

ಹೀಗಾಗಿ ಕೋಟೆಯ ಮುಕ್ಕಾಲು ಪಾಲು ಗೋಡೆಯನ್ನು ಬೆಟ್ಟವೇ ಕಟ್ಟಿಕೊಟ್ಟಿತ್ತು. ಬಂಡೆ ಎಲ್ಲಿ ಬಿರುಕುಬಿಟ್ಟಿದೆಯೋ, ಏಣು ಎಲ್ಲಿ ಇಳಿದು ಹತ್ತುವಂತಾಗಿದೆಯೋ ಅಲ್ಲಷ್ಟೇ ಕಲ್ಲು ಜೋಡಿಸಿದರಾಯಿತು. ಬೆಟ್ಟ ಹೇಗೆ ಬಳುಕಿದೆಯೋ ಗೋಡೆಯೂ ಹಾಗೆಯೇ ಬಳುಕುತ್ತದೆ. ಬಯಲುಸೀಮೆಯ ಕೋಟೆಗಳಂತೆ ಚೌಕವೋ ವೃತ್ತವೋ ಆದ ನಕ್ಷೆ ಇಲ್ಲಿ ಇಲ್ಲ. ಒಂದು ಗಡದ ನಕ್ಷೆ ಇನ್ನೊಂದಕ್ಕೆ ಹೊಂದುವುದೂ ಇಲ್ಲ.

ಈ ಬೆಟ್ಟಗಳ ಮೇಲೆ ಕೋಟೆ ಕಟ್ಟಿದವರಲ್ಲಿ ಮರಾಠರೇ ಮೊದಲಿಗರಲ್ಲ ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. 1630ರಲ್ಲಿ ಶಿವಾಜಿ ಹುಟ್ಟಿದ ಶಿವನೇರಿಯ ಬಂಡೆಯಲ್ಲಿ ಬೌದ್ಧರ ಕಾಲದ ಗುಹೆಗಳಿವೆ. ಪನ್ಹಾಳವನ್ನು ಕಟ್ಟಿಸಿದವನು 12ನೇ ಶತಮಾನದ ಶಿಲಾಹಾರ ಅರಸು ಭೋಜ. ಆಮೇಲೆ ಇವೆಲ್ಲ ಬಹಮನಿಗಳ, ಅಹಮದನಗರದ ನಿಜಾಮಶಾಹಿಯ, ವಿಜಯಪುರದ ಆದಿಲಶಾಹಿಯ ಕೈ ದಾಟಿ ಬಂದವು. ಶಿವಾಜಿ ಮಾಡಿದ್ದು ಬೇರೆ. ಅವನು ಕೆಲವನ್ನು ಹೊಸದಾಗಿ ಕಟ್ಟಿಸಿದ, ಹಲವನ್ನು ಗೆದ್ದು ತಿದ್ದಿಸಿದ, ಎಲ್ಲವನ್ನೂ ಒಂದೇ ಕಟ್ಟಳೆಗೆ ತಂದ. ಅವನ ಆಸ್ಥಾನದಲ್ಲೇ ಇದ್ದ ಕೃಷ್ಣಾಜಿ ಅನಂತ ಸಭಾಸದ ಬರೆದ ಬಖರಿನ ಪ್ರಕಾರ ಶಿವಾಜಿಯ ಕೈಯಲ್ಲಿದ್ದ ಕೋಟೆಗಳು ಸುಮಾರು 240. ಬೇರೆ ಬಖರುಗಳು ಇನ್ನೂ ಹೆಚ್ಚಿನ ಲೆಕ್ಕ ಕೊಡುತ್ತವೆ. ಹಳ್ಳಿಗಳಿಂದ ಕಂದಾಯ ಎತ್ತುವುದಕ್ಕೆ, ಸೈನ್ಯ ಹೊರಟು ಮರಳುವುದಕ್ಕೆ, ಘಾಟಿನ ದಾರಿ ಕಾಯುವುದಕ್ಕೆ, ಸೋತರೆ ಹಿಂದೆ ಸರಿದು ಉಸಿರಾಡುವುದಕ್ಕೆ, ಎಲ್ಲಕ್ಕೂ ಗಡವೇ ಆಧಾರ. ಊರಿಗೆ ಕೋಟೆ ಇರುವುದು ಬೇರೆ ರಾಜ್ಯಗಳ ರೀತಿ. ಇಲ್ಲಿ ಕೋಟೆಗಳನ್ನು ಪೋಣಿಸಿದ್ದರಿಂದಲೇ ರಾಜ್ಯವಾಯಿತು ಎನ್ನಬಹುದು.

ರಾಜಗಡದ ಮೂರು ತೋಳು

ಈ ಬುದ್ಧಿವಂತಿಕೆ ಎದ್ದು ಕಾಣಬೇಕಾದರೆ ಪುಣೆಯ ನೈಋತ್ಯಕ್ಕಿರುವ ರಾಜಗಡವನ್ನು ನೋಡಬೇಕು. ರಾಯಗಡಕ್ಕೆ ಹೋಗುವ ಮುಂಚೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಶಿವಾಜಿಯ ರಾಜಧಾನಿಯಾಗಿದ್ದದ್ದು ಇದೇ. ಬೆಟ್ಟದ ನೆತ್ತಿಯ ಮೇಲೆ ಬಾಲೇಕಿಲ್ಲಾ, ಅಂದರೆ ಒಳಕೋಟೆ. ಅದರ ಕೆಳಗೆ ಬೆಟ್ಟದ ಏಣುಗಳು ಮೂರು ದಿಕ್ಕಿಗೆ ಚಾಚಿಕೊಂಡಿವೆ. ಈ ಏಣುಗಳ ಮೇಲಿನ ಜಗುಲಿಗೆ ಮರಾಠಿಯಲ್ಲಿ ಮಾಚಿ ಎನ್ನುತ್ತಾರೆ. ಪದ್ಮಾವತಿ, ಸುವೇಳಾ, ಸಂಜೀವನಿ, ಹೀಗೆ ಮೂರು ಮಾಚಿಗಳು. ಒಂದೊಂದಕ್ಕೂ ಬೇರೆ ಗೋಡೆ, ಬೇರೆ ಬಾಗಿಲು, ಬೇರೆ ನೀರು. ಒಂದು ಮಾಚಿ ಶತ್ರುವಿನ ಕೈಗೆ ಹೋದರೂ ಉಳಿದೆರಡು ಹೋರಾಡಬಹುದು. ಎರಡು ಹೋದರೂ ಬಾಲೇಕಿಲ್ಲಾ ಉಳಿಯುತ್ತದೆ. ಅದಕ್ಕೆ ಹತ್ತುವ ದಾರಿಯೋ, ಬಂಡೆಗೆ ಅಂಟಿಕೊಂಡು ಕೈಯೂರಿಯೇ ಹೋಗಬೇಕಾದಷ್ಟು ಕಡಿದು. ಸುವೇಳಾ ಮಾಚಿಯ ಬಂಡೆಯೊಂದರಲ್ಲಿ ಗಾಳಿಮಳೆಗೆ ಕೊರೆದ ದೊಡ್ಡ ತೂತಿದೆ. ಅದರ ಹೆಸರು ನೆಢೆ, ಅಂದರೆ ಸೂಜಿಯ ಕಣ್ಣು. ಶಾಲಾ ಪ್ರವಾಸಕ್ಕೆ ಹೋದ ಹುಡುಗರು ಗೋಡೆಗಿಂತ ಅದನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ, ಇರಲಿ.

ನಿಂತು ನೋಡಬೇಕಾದ್ದು ಸಂಜೀವನಿ ಮಾಚಿ. ಉದ್ದಕ್ಕೆ ಹಂತಹಂತವಾಗಿ ಇಳಿಯುವ ಈ ಏಣಿಗೆ ಜೋಡಿಗೋಡೆ ಕಟ್ಟಿದ್ದಾರೆ. ಹೊರಗೋಡೆಗೂ ಒಳಗೋಡೆಗೂ ನಡುವೆ ಒಬ್ಬಿಬ್ಬರು ನುಸುಳುವಷ್ಟೇ ಓಣಿ. ಬುರುಜಿಗೂ ಹೀಗೆಯೇ ಒಂದರ ಹೊರಗೊಂದು ಕವಚ ತೊಡಿಸಿದ್ದಾರೆ. ಚಿಲಖತ್ ಎಂದರೆ ಕವಚ, ಆದ್ದರಿಂದ ಇದಕ್ಕೆ ಚಿಲಖತಿ ಬುರುಜು ಎಂದೇ ಹೆಸರು. ಫಿರಂಗಿ ಗುಂಡಿಗೆ ಹೊರಗೋಡೆ ಒಡೆಯಿತೆನ್ನಿ. ಒಳನುಗ್ಗಿದ ಶತ್ರುವಿಗೆ ಎದುರಾಗುವುದು ಕೋಟೆಯಲ್ಲ, ಇಕ್ಕಟ್ಟಾದ ಓಣಿ, ಎದುರಿಗೆ ಇನ್ನೊಂದು ಗೋಡೆ, ತಲೆಯ ಮೇಲೆ ಕಾದು ನಿಂತ ಕಾವಲಿನವರು. ಹಿಂದಕ್ಕೆ ತಿರುಗಲೂ ಜಾಗವಿಲ್ಲ.

ಬಾಗಿಲಿನ ವಿಷಯಕ್ಕೆ ಬಂದರೆ ರಾಯಗಡದ ಮಹಾದ್ವಾರವೇ ಪಾಠ. ಹತ್ತಿ ಬರುವವರಿಗೆ ಎದುರಿಗೆ ಎರಡು ದೈತ್ಯ ಬುರುಜುಗಳು ಕಾಣುತ್ತವೆ, ಬಾಗಿಲು ಕಾಣುವುದಿಲ್ಲ. ಬುರುಜುಗಳ ನಡುವೆ ತಿರುಗಿಕೊಂಡು ಒಳಹೊಕ್ಕ ಮೇಲೇ ಬಾಗಿಲಿನ ದರ್ಶನ. ಗೋಮುಖಿ ಎಂದು ಈ ರಚನೆಗೆ ಹೆಸರು. ಬಾಗಿಲು ಮುರಿಯಲು ಆನೆ ನುಗ್ಗಿಸುವುದು ಆ ಕಾಲದ ಪದ್ಧತಿ. ಆನೆಗೆ ಓಡಿ ಬರಲು ನೇರವಾದ ಜಾಗ ಬೇಕು, ಅದು ಇಲ್ಲಿ ಸಿಗುವುದಿಲ್ಲ. ಕೆಳಗಿಂದ ಫಿರಂಗಿ ಗುರಿಯಿಟ್ಟರೆ ಗುಂಡು ಬುರುಜಿಗೆ ಬಡಿಯುತ್ತದೆ. ಆ ತಿರುವಿನಲ್ಲಿ ನಿಂತವನ ಮೇಲೆ ಮೂರು ಕಡೆಯಿಂದ ಬಾಣ, ಗುಂಡು, ಕಲ್ಲು ಬೀಳುತ್ತವೆ. ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಓರೆ ಕಿಂಡಿಗಳು ಬಂದೂಕಿಗಾಗಿ. ಒಳಗಿನಿಂದ ಅಗಲ, ಹೊರಗಿನಿಂದ ಕಿರಿದು. ಒಳಗಿನವನಿಗೆ ದಾರಿಯೆಲ್ಲ ಕಾಣುತ್ತದೆ, ಹೊರಗಿನವನಿಗೆ ಒಂದು ತೂತು. ರಾಯಗಡ ಕಟ್ಟುವ ಹೊಣೆ ಹೊತ್ತವನು ಹಿರೋಜಿ ಇಂದುಲಕರ. ಅಲ್ಲಿನ ಜಗದೀಶ್ವರ ದೇವಾಲಯದ ಬಳಿ ಅವನ ಹೆಸರು ಕೆತ್ತಿದ ಕಲ್ಲಿದೆ. ಪ್ರತಾಪಗಡವನ್ನು ಕಟ್ಟಿಸಿದವನು ಮೋರೋಪಂತ ಪಿಂಗಳೆ. ಕಲ್ಲು ಒಡೆದ, ಸುಣ್ಣ ಹೊತ್ತ ಸಾವಿರಾರು ಜನರ ಹೆಸರು ಎಲ್ಲಿಯೂ ಇಲ್ಲ.

ಮೊದಲು ನೀರು

ಶಿವಾಜಿಯ ಕಾಲದಿಂದ ಆಡಳಿತ ನೋಡುತ್ತ ಬಂದ ರಾಮಚಂದ್ರಪಂತ ಅಮಾತ್ಯ 1715ರ ಸುಮಾರಿಗೆ ಕೊಲ್ಹಾಪುರದ ದೊರೆಗಾಗಿ ಆಜ್ಞಾಪತ್ರ ಎಂಬ ರಾಜನೀತಿಯ ಗ್ರಂಥ ಬರೆದ. ಅದರಲ್ಲಿ ಕೋಟೆಗಳಿಗೇ ದೊಡ್ಡ ಭಾಗ ಮೀಸಲು. ಇದು ಪಂಡಿತನ ಬರವಣಿಗೆಯಲ್ಲ, ಮುತ್ತಿಗೆಗಳನ್ನು ಕಣ್ಣಾರೆ ಕಂಡವನ ಬರವಣಿಗೆ. ಮನೆ ಕಟ್ಟಿಸಿ ಅನುಭವವಾದ ಹಿರಿಯರು ಮಕ್ಕಳಿಗೆ ಹೇಳುವಂತೆ ಸಣ್ಣಪುಟ್ಟದ್ದನ್ನೂ ಬಿಡದೆ ಹೇಳುತ್ತಾನೆ.

ಅವನ ಮೊದಲ ಮಾತು ನೀರಿನದು. ನೀರು ನೋಡದೆ ಕೋಟೆಗೆ ಕೈಹಾಕಬಾರದು. ಜಾಗ ಎಷ್ಟೇ ಒಳ್ಳೆಯದಿದ್ದು ನೀರಿಲ್ಲದಿದ್ದರೆ ಬಂಡೆ ಒಡೆದು ಮಳೆಗಾಲದಿಂದ ಮಳೆಗಾಲದವರೆಗೆ ಸಾಲುವಷ್ಟು ತೊಟ್ಟಿ ಮಾಡಿಸಬೇಕು. ಒಂದು ಒರತೆ ಇದೆ, ಅದು ಬತ್ತುವುದಿಲ್ಲ ಎಂದು ನೆಚ್ಚಿಕೊಳ್ಳಬಾರದು. ಕಾಳಗದಲ್ಲಿ ಫಿರಂಗಿಯ ಸದ್ದಿಗೆ ಬಂಡೆ ಅದುರಿ ಒರತೆ ಒಣಗಬಹುದು. ಆದ್ದರಿಂದ ಬೇರೆಯಾಗಿ ಕಾಪಿಟ್ಟ ನೀರು ಇರಲೇಬೇಕು, ಅದನ್ನು ದಿನನಿತ್ಯಕ್ಕೆ ಮುಟ್ಟಕೂಡದು.

ಸಹ್ಯಾದ್ರಿಯಲ್ಲಿ ನೀರಿನ ಚಿಂತೆಯೇ ಎಂದು ಮಲೆನಾಡಿನವರು ಕೇಳಬಹುದು. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ ಆ ಕಪ್ಪುಬಂಡೆಯ ಮೇಲಿಂದ ಜಾರಿ ಕೆಳಗೆ ಓಡಿಬಿಡುತ್ತದೆ. ಏಪ್ರಿಲ್ ಹೊತ್ತಿಗೆ ನೆತ್ತಿಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಹಿಡಿದಿಟ್ಟದ್ದಷ್ಟೇ ನೀರು. ಆದ್ದರಿಂದಲೇ ಒಂದೊಂದು ಗಡದ ಮೇಲೂ ಬಂಡೆಯಲ್ಲಿ ಕಡೆದ ಸಾಲುಸಾಲು ತೊಟ್ಟಿಗಳು. ಮರಾಠಿಯಲ್ಲಿ ಇವಕ್ಕೆ ಟಾಕೆ ಎನ್ನುತ್ತಾರೆ, ಕನ್ನಡದ ದೊಣೆಗಳ ದಾಯಾದಿಗಳು. ಕೆಲವು ತೊಟ್ಟಿಗಳು ಬಂಡೆಯೊಳಕ್ಕೆ ಗುಹೆಯಂತೆ ಹೋಗಿವೆ, ಚಾವಣಿ ಕುಸಿಯದಂತೆ ಕಲ್ಲುಕಂಬಗಳನ್ನು ಬಿಟ್ಟೇ ಕಡೆದಿದ್ದಾರೆ. ಬಿಸಿಲು ತಾಗುವುದಿಲ್ಲ, ನೀರು ಆವಿಯಾಗಿ ಹೋಗುವುದು ಕಡಿಮೆ, ಪಾಚಿಯೂ ಕಡಿಮೆ. ತೊಟ್ಟಿಯಿಂದ ತೆಗೆದ ಕಲ್ಲು ಗೋಡೆಗೆ ಹೋಯಿತು, ಕಲ್ಲು ತೆಗೆದ ಗುಂಡಿ ನೀರಿಗಾಯಿತು. ಕೂಲಿ ಒಂದೇ, ಕೆಲಸ ಎರಡು! ರಾಯಗಡದ ಗಂಗಾಸಾಗರ ಕೆರೆಯೂ ಹಾಗೆ ಆದದ್ದೇ ಎನ್ನುತ್ತಾರೆ.

ಪನ್ಹಾಳದಲ್ಲಿ ಅಂಧಾರ ಬಾವಿ ಎಂಬುದೊಂದಿದೆ. ಹೊರಗಿನಿಂದ ನೋಡಿದರೆ ಕಲ್ಲಿನ ಕಟ್ಟಡ. ಒಳಗೆ ಮೂರು ಅಂತಸ್ತು, ತೀರ ಕೆಳಗೆ ನೀರು, ನಡುವೆ ಕಾವಲು. ಶತ್ರುವಿಗೆ ಊರ ಕೆರೆಗೆ ವಿಷ ಹಾಕುವುದು ಸುಲಭ, ಈ ಬಾವಿಯ ನೀರಿನ ತನಕ ತಲುಪುವುದು ಸುಲಭವಲ್ಲ. ಅದೇ ಪನ್ಹಾಳದಲ್ಲಿ ಅಂಬರಖಾನೆ ಎಂಬ ಧಾನ್ಯದ ಉಗ್ರಾಣಗಳಿವೆ. ಗಂಗಾ, ಯಮುನಾ, ಸರಸ್ವತಿ ಎಂದು ಹೆಸರಿಟ್ಟಿರುವ ಮೂರು ಕಟ್ಟಡಗಳು. ದಪ್ಪ ಗೋಡೆ, ಕಮಾನಿನ ಚಾವಣಿ, ಕಾಳು ಸುರಿಯಲು ಚಾವಣಿಯಲ್ಲೇ ಕಿಂಡಿಗಳು. ಇವು ಮರಾಠರಿಗಿಂತ ಹಿಂದಿನವು. ಇಂಥ ಕಣಜ ತುಂಬಿದ್ದರೆ ಕೆಳಗೆ ಡೇರೆ ಹಾಕಿ ಕುಳಿತವನು ಆಯಾಸಗೊಳ್ಳಬೇಕೇ ಹೊರತು ಮೇಲಿನವರಲ್ಲ.

ಅಮಾತ್ಯನ ಉಳಿದ ಮಾತುಗಳೂ ಸ್ವಾರಸ್ಯವಾಗಿವೆ. ಮದ್ದಿನ ಮನೆ ವಾಸದ ಮನೆಗಳಿಂದ ದೂರವಿರಬೇಕು. ಕೋಟೆಗೆ ಒಂದೇ ಬಾಗಿಲು ದೊಡ್ಡ ದೋಷ. ಎರಡು ಮೂರು ಬೇಕು, ಜೊತೆಗೆ ಗುಟ್ಟಾದ ದಿಡ್ಡಿ ಬಾಗಿಲುಗಳು ಬೇಕು. ಬೆಟ್ಟದ ಇಳಿಜಾರಿನ ಕಾಡು ಬೆಳೆಯಬೇಕು, ಅಲ್ಲಿ ಒಂದು ಕಡ್ಡಿಯನ್ನೂ ಕಡಿಯಕೂಡದು. ಮಳೆಗಾಲಕ್ಕೆ ಮುಂಚೆ ಫಿರಂಗಿಗಳಿಗೆ ಎಣ್ಣೆ ಮೇಣ ಹಚ್ಚಿ ಮಾಡು ಹೊದಿಸಬೇಕು. ಗಡದ ಕಸವನ್ನು ಎಲ್ಲೆಂದರಲ್ಲಿ ಎಸೆಯದೆ ಸುಟ್ಟು, ಬೂದಿಯನ್ನು ಹಿತ್ತಲಿನ ತರಕಾರಿ ಮಡಿಗೆ ಹಾಕಬೇಕು. ಮೂರು ಶತಮಾನಗಳ ಹಿಂದಿನ ಈ ಮಾತನ್ನು ನಗರಸಭೆಯವರು ಓದಿದ್ದರೆ ಚೆನ್ನಾಗಿತ್ತು.

ಅವನ ಇನ್ನೊಂದು ಎಚ್ಚರಿಕೆಯನ್ನು ಬೇರೆಯಾಗಿಯೇ ಹೇಳಬೇಕು. ಕೋಟೆಯ ಸಮೀಪ ಅದಕ್ಕೆ ಸರಿಗಟ್ಟುವ ಇನ್ನೊಂದು ಗುಡ್ಡ ಇರಕೂಡದು. ಇದ್ದರೆ ಸುರಂಗ ಸಿಡಿಸಿ ತಗ್ಗಿಸಬೇಕು. ಅದೂ ಆಗದಿದ್ದರೆ ಅದನ್ನೂ ಕಟ್ಟಿ ಕೋಟೆಯೊಳಕ್ಕೆ ಸೇರಿಸಿಕೊಳ್ಳಬೇಕು. ಈ ಮಾತಿನ ಹಿಂದೆ ಮರಾಠರು ಕೊಟ್ಟ ದೊಡ್ಡ ಬೆಲೆಯೊಂದಿತ್ತು.

ಎದುರಿನ ಗುಡ್ಡ

ಪುರಂದರ ಗಡದ ಪಕ್ಕಕ್ಕೆ, ಕಿರಿಯ ತಮ್ಮನಂತೆ, ವಜ್ರಗಡ ಇದೆ. 1665ರಲ್ಲಿ ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ದಿಲೇರಖಾನನೊಡನೆ ಪುರಂದರಕ್ಕೆ ಮುತ್ತಿಗೆ ಹಾಕಿದ. ಅನುಭವಸ್ಥನಾದ ಜಯಸಿಂಹನಿಗೆ ಬೀಗದಕೈ ಎಲ್ಲಿದೆಯೆಂದು ಮೊದಲೇ ಹೊಳೆದಿತ್ತು. ಫಿರಂಗಿಗಳನ್ನು ಬಲು ಕಷ್ಟಪಟ್ಟು ಮೇಲಕ್ಕೆಳೆಸಿ, ಏಪ್ರಿಲ್ ಮಧ್ಯದ ಹೊತ್ತಿಗೆ ವಜ್ರಗಡವನ್ನು ಹಿಡಿದ. ಅಲ್ಲಿಂದ ಪುರಂದರದ ಮಾಚಿ ಅಂಗೈ ಮೇಲಿಟ್ಟಂತೆ ಕಾಣುತ್ತದೆ. ಕಿಲ್ಲೇದಾರ ಮುರಾರಬಾಜಿ ದೇಶಪಾಂಡೆ ಆಯ್ದ ಜನರೊಡನೆ ಹೊರಬಿದ್ದು ದಿಲೇರಖಾನನ ಸೈನ್ಯದ ನಡುವೆಯೇ ಹೋರಾಡಿ ಸತ್ತ. ಅವನ ನಂತರವೂ ಗಡದವರು ಬಾಗಿಲು ತೆರೆಯಲಿಲ್ಲ. ಆದರೆ ಮುಂದೇನಾಗುವುದೆಂದು ಶಿವಾಜಿಗೆ ಸ್ಪಷ್ಟವಾಗಿತ್ತು. ಜೂನ್ 11ರಂದು ಒಪ್ಪಂದವಾಯಿತು. 23 ಕೋಟೆಗಳನ್ನು ಮೊಗಲರಿಗೆ ಬಿಟ್ಟುಕೊಟ್ಟು 12ನ್ನು ಉಳಿಸಿಕೊಂಡ. ಇಪ್ಪತ್ತು ವರ್ಷಗಳ ಗಳಿಕೆಯಲ್ಲಿ ಮೂರರಲ್ಲೆರಡು ಪಾಲು ಒಂದು ಬೇಸಿಗೆಯಲ್ಲಿ ಹೋಯಿತು.

ಇದಕ್ಕೆ ಐದು ವರ್ಷ ಮೊದಲು ಪನ್ಹಾಳದಲ್ಲಿ ಬೇರೆಯೇ ಆಗಿತ್ತು. 1660ರ ಮಾರ್ಚ್‌ನಿಂದ ಆದಿಲಶಾಹಿ ಸರದಾರ ಸಿದ್ದಿ ಜೌಹರ ಶಿವಾಜಿಯನ್ನು ಅಲ್ಲಿ ಕೂಡಿಹಾಕಿದ್ದ. ಮಳೆ ಬಂದರೆ ಮುತ್ತಿಗೆ ಸಡಿಲವಾಗುವುದೆಂಬುದು ಗಡದವರ ಲೆಕ್ಕ. ಜೌಹರ ಮಳೆಯಲ್ಲೂ ಕದಲಲಿಲ್ಲ. ರಾಜಾಪುರದ ಇಂಗ್ಲಿಷ್ ವರ್ತಕರು ಫಿರಂಗಿ ತಂದು ಅವನಿಗೆ ನೆರವಾದರು. ಜುಲೈ ತಿಂಗಳ ಒಂದು ಮಳೆಯ ರಾತ್ರಿ ಶಿವಾಜಿ ಕೆಲವು ನೂರು ಜನರೊಡನೆ ಜಾರಿಕೊಂಡು ವಿಶಾಲಗಡದ ದಾರಿ ಹಿಡಿದ. ಅವನು ಹೊರಬಿದ್ದದ್ದು ರಾಜದಿಂಡಿ ಎಂಬ ದಿಡ್ಡಿ ಬಾಗಿಲಿನಿಂದ ಎಂದು ಹೇಳುತ್ತಾರೆ. ಘೋಡಖಿಂಡಿಯ ಇಕ್ಕಟ್ಟಿನಲ್ಲಿ ಬೆನ್ನಟ್ಟಿದವರನ್ನು ತಡೆದು ಬಾಜಿಪ್ರಭು ದೇಶಪಾಂಡೆ ಪ್ರಾಣ ಕೊಟ್ಟದ್ದು ಆಗಲೇ. ಪನ್ಹಾಳ ಕೈತಪ್ಪಿತು, ದೊರೆ ಉಳಿದ. 1673ರಲ್ಲಿ ಕೊಂಡಾಜಿ ಫರ್ಜಂದ ಕೇವಲ 60 ಜನರನ್ನು ಕಟ್ಟಿಕೊಂಡು ರಾತ್ರಿ ಹತ್ತಿ ಅದೇ ಕೋಟೆಯನ್ನು ಮರಳಿ ಗೆದ್ದ.

ಸಿಂಹಗಡದ ಕಥೆ ಎಲ್ಲರಿಗೂ ಗೊತ್ತು. 1670ರ ಫೆಬ್ರುವರಿ 4ರ ರಾತ್ರಿ ತಾನಾಜಿ ಮಾಲುಸರೆ ಮಾವಳಿ ಪಡೆಯೊಡನೆ ಬಂಡೆ ಹತ್ತಿದ, ಮೊಗಲರ ಕಡೆಯ ಕಿಲ್ಲೇದಾರ ಉದಯಭಾನು ರಾಠೋಡನೂ ತಾನಾಜಿಯೂ ಇಬ್ಬರೂ ಸತ್ತರು, ಗಡ ಮರಾಠರದಾಯಿತು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಂಡೆ ಏರಿದ ಉಡವನ್ನು ಮಕ್ಕಳಿಗೆ ಕೊಟ್ಟವರು ಪೊವಾಡಾ ಹಾಡುವ ಶಾಹೀರರು. ಉಡ ಇದ್ದಿರಲಿ ಬಿಡಲಿ, ಅವರು ಹತ್ತಿದ್ದು ಕಾವಲು ಬೇಕಿಲ್ಲವೆಂದು ಒಳಗಿನವರು ಬಿಟ್ಟ ಕಡೆಯಿಂದ. ಉದಯಭಾನುವಿಗೆ ಹೀರಕಣಿಯ ಕಥೆ ಹೇಳುವವರು ಯಾರೂ ಇರಲಿಲ್ಲ.

ಬೀಗದಕೈ ಯಾರ ಕೈಯಲ್ಲಿ?

ಕಲ್ಲು, ನೀರು, ಕಾಳು ಎಲ್ಲ ಸರಿಯಿದ್ದು ಒಳಗಿನವನೇ ಬಾಗಿಲು ತೆರೆದರೆ? ಇದಕ್ಕೆ ಶಿವಾಜಿ ಕಂಡುಕೊಂಡ ಉಪಾಯವನ್ನು ಸಭಾಸದ ವಿವರಿಸುತ್ತಾನೆ. ಗಡಕ್ಕೆ ಒಬ್ಬನೇ ಯಜಮಾನನಿಲ್ಲ. ಹವಾಲ್ದಾರ, ಸರನೌಬತ್, ಸಬನೀಸ ಎಂಬ ಮೂವರಿಗೂ ಸಮಾನ ದರ್ಜೆ. ಬೀಗದಕೈ ಹವಾಲ್ದಾರನದು. ಗಡದ ಪಡೆ, ಕಾವಲು ಸರನೌಬತನದು. ಲೆಕ್ಕಪತ್ರ, ಹಾಜರಿ ಸಬನೀಸನದು. ಉಗ್ರಾಣಕ್ಕೆ ಕಾರಖಾನೀಸನೆಂಬ ಇನ್ನೊಬ್ಬ. ಇವರನ್ನು ಬೇಕೆಂದೇ ಬೇರೆ ಬೇರೆ ಜಾತಿಗಳಿಂದ ಆರಿಸುತ್ತಿದ್ದರು, ನೆಂಟಸ್ತನ ಬೆಳೆದು ಗುಟ್ಟಿನ ಒಳಸಂಚು ಆಗಬಾರದೆಂದು. ಹುದ್ದೆ ತಂದೆಯಿಂದ ಮಗನಿಗೆ ಹೋಗುವಂತಿಲ್ಲ, ಆಗಾಗ ವರ್ಗಾವಣೆ. ಗಡದ ಸುತ್ತಿನ ಕಾಡಿನಲ್ಲಿ ರಾಮೋಶಿ, ಕೋಳಿ, ಮಹಾರ್ ಮೊದಲಾದ ಸಮುದಾಯಗಳ ಜನ ಹಗಲಿರುಳು ಕಾವಲಿರುತ್ತಿದ್ದರು. ಅಪರಿಚಿತ ಹೆಜ್ಜೆಯ ಸುದ್ದಿ ಮೇಲಿನ ಬುರುಜಿಗಿಂತ ಮೊದಲು ಇವರಿಗೆ ತಿಳಿಯುತ್ತಿತ್ತು. ಬಖರುಗಳು ಸರದಾರರ ಹೆಸರು ಬರೆಯುತ್ತವೆ. ಕೆಳಗಿನ ಪೊದೆಯಲ್ಲಿ ಮಳೆ ನೆನೆದು ಕುಳಿತವರ ಹೆಸರು ಬರೆಯುವುದಿಲ್ಲ.

ಈ ಏರ್ಪಾಟಿಗೆ ನಿಜವಾದ ಪರೀಕ್ಷೆ ಬಂದದ್ದು ಶಿವಾಜಿ 1680ರಲ್ಲಿ ತೀರಿಕೊಂಡ ಮೇಲೆ. 1689ರಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ, ಅದೇ ವರ್ಷ ರಾಜಧಾನಿ ರಾಯಗಡವೂ ಬಿತ್ತು. ರಾಜ್ಯ ಮುಗಿಯಿತೆಂದೇ ಎಲ್ಲರೂ ತಿಳಿದರು. ಸಂಭಾಜಿಯ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಹೊರಟ. ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟು ದಾಟಿಸಿದವಳು ಕೆಳದಿಯ ರಾಣಿ ಚೆನ್ನಮ್ಮ. ಇದಕ್ಕಾಗಿ ಮೊಗಲ್ ಸೈನ್ಯವನ್ನೂ ಆಕೆ ಎದುರಿಸಬೇಕಾಯಿತು. ಅವನು ತಲುಪಿದ್ದು ತಮಿಳುನಾಡಿನ ಜಿಂಜಿ. 1677ರಲ್ಲಿ ಶಿವಾಜಿ ಗೆದ್ದು ಬಲಪಡಿಸಿದ್ದ ಆ ಕೋಟೆ ಮೂರು ಬೆಟ್ಟಗಳನ್ನು ಗೋಡೆಯಿಂದ ಹೆಣೆದದ್ದು. ಅದನ್ನು ಗೆಲ್ಲಲು ಮೊಗಲರಿಗೆ 1698ರವರೆಗೆ ಎಂಟು ವರ್ಷ ಹಿಡಿಯಿತು, ಅಷ್ಟರಲ್ಲಿ ರಾಜಾರಾಮ ತಪ್ಪಿಸಿಕೊಂಡಿದ್ದ. ಸಭಾಸದ ತನ್ನ ಬಖರು ಬರೆದದ್ದು ಈ ಜಿಂಜಿಯಲ್ಲೇ.

ಎಂಬತ್ತು ದಾಟಿದ ಔರಂಗಜೇಬ 1699ರಿಂದ ಸ್ವತಃ ಗಡಗಳನ್ನು ಹಿಡಿಯಲು ಹೊರಟ. ಸಾತಾರೆಯಲ್ಲಿ ಅವನ ಕಡೆಯವರು ತೋಡಿದ ಸುರಂಗ ಹಿಂದಕ್ಕೆ ಸಿಡಿದು ಸುಮಾರು ಎರಡು ಸಾವಿರ ಮೊಗಲ್ ಸೈನಿಕರೇ ಸತ್ತರು. 1702ರಲ್ಲಿ ವಿಶಾಲಗಡವನ್ನು ಆರು ತಿಂಗಳು ಮುತ್ತಿ, ಕೊನೆಗೆ ಹಣ ತೆತ್ತು ಪಡೆದ. ಅಲ್ಲಿಂದ ಪನ್ಹಾಳಕ್ಕೆ ಸುಮಾರು 30 ಮೈಲಿ. ಮಳೆಗಾಲದ ಕೆಸರು, ಉಕ್ಕುವ ಹಳ್ಳಗಳ ನಡುವೆ ಬಾದಶಹನ ದಂಡಿಗೆ ಆ ದಾರಿ ಸವೆಸಲು ಒಂದು ತಿಂಗಳಿಗೂ ಹೆಚ್ಚು ಬೇಕಾಯಿತು. ಒಂಟೆ, ಎತ್ತು, ಆಳು ಎಷ್ಟು ಕೊಚ್ಚಿಹೋದವೋ. ಈ ಕಾಲದ ಗಡಗಳಲ್ಲಿ ತೋರಣಾ ಒಂದೇ ಲಂಚವಿಲ್ಲದೆ ಕಾದು ಗೆದ್ದದ್ದೆಂದು ಇತಿಹಾಸಕಾರರು ಬರೆಯುತ್ತಾರೆ. ಮೂವರಿಗೆ ಹಂಚಿದ ಬೀಗದಕೈಯೂ ಚಿನ್ನಕ್ಕೆ ಪೂರ್ತಿ ತಡೆಯಾಗಲಿಲ್ಲ ಎಂದಾಯಿತು. ಆದರೆ ಕಿಲ್ಲೇದಾರರು ಹಣ ಎಣಿಸಿಕೊಂಡು ಬಿಟ್ಟುಕೊಟ್ಟ ಗಡಗಳನ್ನು ಬಾದಶಹನ ಡೇರೆ ಮುಂದೆ ಸಾಗಿದೊಡನೆ ಮರಾಠರು ಮತ್ತೆ ಹಿಡಿಯುತ್ತಿದ್ದರು. ಇದನ್ನು ದ್ರೋಹ ಎನ್ನಬೇಕೋ ಯುಕ್ತಿ ಎನ್ನಬೇಕೋ ಹೇಳುವುದು ಸುಲಭವಲ್ಲ, ಎರಡೂ ಬೆರೆತಿದ್ದವು. ರಾಜಾರಾಮ 1700ರಲ್ಲಿ ತೀರಿಕೊಂಡ ಮೇಲೆ ಈ ಆಟವನ್ನು ನಡೆಸಿದವಳು ಅವನ ಹೆಂಡತಿ ತಾರಾಬಾಯಿ. ಔರಂಗಜೇಬನ ಕೊನೆಯ ಮುತ್ತಿಗೆ ಕರ್ನಾಟಕದಲ್ಲೇ ಆಯಿತು. ಸುರಪುರದ ಬೇಡ ನಾಯಕರ ವಾಗಿನಗೇರಾ ಕೋಟೆಯನ್ನು 1705ರಲ್ಲಿ ಸುಮಾರು ಮೂರು ತಿಂಗಳು ಮುತ್ತಿದ. ಮರಾಠ ಕುದುರೆಪಡೆ ನಾಯಕರ ನೆರವಿಗೆ ಬಂತು. ಕೊನೆಗೆ ಸಿಕ್ಕಿದ್ದು ರಾತ್ರೋರಾತ್ರಿ ಜನ ಖಾಲಿ ಮಾಡಿದ ಕೋಟೆ. ಎರಡು ವರ್ಷದ ಮೇಲೆ ಬಾದಶಹ ಅಹಮದನಗರದ ಬಳಿ ಸತ್ತ.

ಪೇಶ್ವೆಗಳ ಕಾಲಕ್ಕೆ ಅಧಿಕಾರ ಪುಣೆಯ ಬಯಲಿಗೆ ಇಳಿಯಿತು. ಗಡಗಳು ಖಜಾನೆಗಳಾದವು, ಸೆರೆಮನೆಗಳಾದವು. 1818ರಲ್ಲಿ ಇಂಗ್ಲಿಷರು ಬಂದಾಗ ಕೆಲವೇ ತಿಂಗಳಲ್ಲಿ ಒಂದರ ಹಿಂದೊಂದು ಬಿದ್ದವು. ಪುರಂದರ ಬಿದ್ದದ್ದು ಹೇಗೆ? ಮಾರ್ಚ್‌ನಲ್ಲಿ ಅವರು ಮೊದಲು ವಜ್ರಗಡ ಹಿಡಿದರು, ಎರಡು ದಿನದಲ್ಲಿ ಪುರಂದರ ಶರಣಾಯಿತು. 153 ವರ್ಷ ಕಳೆದರೂ ಪಾಠ ಪುಸ್ತಕದಲ್ಲೇ ಉಳಿದಿತ್ತು. ರಾಯಗಡಕ್ಕೆ ಎದುರಿನ ಕಾಳಕಾಯಿ ಗುಡ್ಡದಿಂದ ಗುಂಡು ಸುರಿಯಿತು. ಆಗ ಗಡದಲ್ಲಿದ್ದವಳು ಎರಡನೇ ಬಾಜೀರಾಯನ ಹೆಂಡತಿ ವಾರಾಣಸೀಬಾಯಿ. ಅರಮನೆಗೆ ಬೆಂಕಿ ಬಿದ್ದಿತು, ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಗೆದ್ದವರು ಅನೇಕ ಗಡಗಳ ಮೆಟ್ಟಿಲುಗಳನ್ನು ಮದ್ದಿಟ್ಟು ಹಾರಿಸಿದರು, ಮತ್ತೆ ಯಾರೂ ಹತ್ತಿ ಕೂರಬಾರದೆಂದು. ನಾಸಿಕದ ಕಡೆ ಈ ಕೆಲಸ ನಡೆಸಿದ ಕ್ಯಾಪ್ಟನ್ ಬ್ರಿಗ್ಸ್ ಹರಿಹರ ಗಡದ ಮೆಟ್ಟಿಲುಗಳನ್ನು ಮಾತ್ರ ಮುಟ್ಟದೆ ಬಿಟ್ಟ. ಬಂಡೆಯಲ್ಲೇ ಕಡೆದ, ಏಣಿಯಂತೆ ನೆಟ್ಟಗಿರುವ ಆ ಮೆಟ್ಟಿಲುಗಳನ್ನು ಇಂದಿಗೂ ಹತ್ತಬಹುದು.

2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಯಗಡ, ರಾಜಗಡ, ಪ್ರತಾಪಗಡ, ಪನ್ಹಾಳ, ಶಿವನೇರಿ, ಲೋಹಗಡ, ಸಾಲ್ಹೇರ್, ಸಮುದ್ರದ ಕಡೆಯ ನಾಲ್ಕು, ಜೊತೆಗೆ ಜಿಂಜಿ. ಮಕ್ಕಳನ್ನು ಕರೆದುಕೊಂಡು ಹೋಗುವ ಹೆತ್ತವರು ಮಳೆ ನಿಂತ ಮೇಲೆ, ಬೇಸಿಗೆಗೆ ಮುಂಚೆ ಹೋಗುವುದು ಲೇಸು. ರಾಯಗಡಕ್ಕೆ ರೋಪ್‌ವೇ ಇದೆ, ಮುದುಕರಿಗೆ ಅನುಕೂಲ. ಕಾಲಿನಲ್ಲಿ ಕಸುವಿರುವ ಹುಡುಗರು ಮೆಟ್ಟಿಲು ಹತ್ತಿಯೇ ಹೋಗಲಿ. ಮಹಾದ್ವಾರ ಎಷ್ಟು ಹತ್ತಿರ ಬಂದ ಮೇಲೆ ಕಣ್ಣಿಗೆ ಬೀಳುತ್ತದೆಂದು ಅವರೇ ಲೆಕ್ಕ ಹಾಕಲಿ.

ಸಿಂಹಗಡದಲ್ಲಿ, ರಾಜಗಡದಲ್ಲಿ ಕೆಳಗಿನ ಹಳ್ಳಿಗಳ ಹೆಂಗಸರು ಬೆಳಿಗ್ಗೆ ಮಜ್ಜಿಗೆ, ಮೊಸರಿನ ಕುಡಿಕೆ, ಜೋಳದ ರೊಟ್ಟಿ, ಝುಣಕ ಹೊತ್ತು ತರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಹತ್ತಿ ಬಂದವರಿಗೆ ಅದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ. ಹೊತ್ತು ಇಳಿಯುವ ಮುಂಚೆಯೇ ಅವರು ಖಾಲಿ ಪಾತ್ರೆ ಜೋಡಿಸಿಕೊಂಡು ಕೆಳಗಿಳಿಯತೊಡಗುತ್ತಾರೆ; ಮನೆಯಲ್ಲಿ ಮಕ್ಕಳಿರುತ್ತವೆ.